ಅಂತರ್ಜಾಲದಲ್ಲಿ ಹಾಡಿನ ಮಾರಾಟ ಮತ್ತು ಕಲಾವಿದರ ಪಾಲು: ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಪರಿಸರದ ಹಿನ್ನೆಲೆಯಲ್ಲಿ

ಪೀಠಿಕೆ

ಗ್ರಾಮಾಫೋನ್ ತಟ್ಟೆ, ಧ್ವನಿಸುರುಳಿ ಹಾಗೂ ಸಿ.ಡಿ.ಗಳ ಕಾಲದಲ್ಲಿ ಹಾಡುಗಳು ಗುಚ್ಛವಾಗಿ ಮಾರಾಟವಾಗುತ್ತಿದ್ದವು. ಅಂತರ್ಜಾಲವು ಬಿಡಿ ಹಾಡನ್ನೇ ಸರಕನ್ನಾಗಿಸಿತು. ಗಣಕಯಂತ್ರದ ನೆರವಿನಿಂದ ಮನೆಯಲ್ಲಿಯೇ ಎಲೆಕ್ಟ್ರಾನಿಕ್ ಸಂಗೀತವನ್ನು ರಚಿಸುವ ಸ್ವತಂತ್ರ ನಿರ್ಮಾಪಕರಿಗೆ ಇದರಿಂದ ದೊರೆಯುವ ಆದಾಯವೆಷ್ಟು ಎಂಬ ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. ಅದೇ ಸಂಗೀತಕ್ಕೆ ಕಂಠವನ್ನೋ ವಾದ್ಯದ ನಾದವನ್ನೋ ನೀಡುವ ಜನಪದ ಕಲಾವಿದರಿಗೆ ಸಲ್ಲುವುದೆಷ್ಟು ಎಂಬುದು ಇದರೊಂದಿಗೇ ಕೇಳಬೇಕಾದ ಪ್ರಶ್ನೆ. ಈ ಎರಡನ್ನೂ ಒಟ್ಟಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಲೆ ಮತ್ತು ಹಂಚಿಕೆ

ಆಪಲ್ ಸಂಸ್ಥೆಯ ಐಟ್ಯೂನ್ಸ್ ಮಳಿಗೆಯು 2003ರಲ್ಲಿ ಅಮೆರಿಕದಲ್ಲಿ ಬಿಡಿ ಹಾಡನ್ನು 99 ಸೆಂಟ್‌ಗಳಿಗೆ ಮಾರಲಾರಂಭಿಸಿತು. ಎಲೆಕ್ಟ್ರಾನಿಕ್ ನೃತ್ಯಸಂಗೀತಕ್ಕೆಂದೇ ಮೀಸಲಾದ ಬೀಟ್‌ಪೋರ್ಟ್ 2004ರಲ್ಲಿ ಬಂದಿತು. ಭಾರತದಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆಯ ಫ್ಲೈಟ್ ಮಳಿಗೆಯೂ ಐಟ್ಯೂನ್ಸ್ ಕೂಡ 2012ರಲ್ಲಿ ಆರಂಭವಾದವು. ಫ್ಲೈಟ್ ಮರುವರ್ಷವೇ ಮುಚ್ಚಿಹೋಯಿತು.

ಅಂತರ್ಜಾಲದ ಮಳಿಗೆಯು ಸುಮಾರು ಶೇ. 30ರಷ್ಟನ್ನು ಉಳಿಸಿಕೊಳ್ಳುವುದು ರೂಢಿ. ಉದಾಹರಣೆಗೆ, ಹಾಡಿನ ಬೆಲೆ 10 ರೂಪಾಯಿ ಎಂದಿಟ್ಟುಕೊಂಡರೆ ಹಕ್ಕುದಾರನ ಕಡೆಗೆ ಸಾಗುವುದು 7 ರೂಪಾಯಿ. ಸಾವಿರ ಪ್ರತಿ ಮಾರಾಟವಾದರೆ 7,000 ರೂಪಾಯಿ. ಇದರಲ್ಲಿ ವಿತರಕರ ಶುಲ್ಕವೂ ಕಳೆಯುತ್ತದೆ. 2008ರಲ್ಲಿ ಆರಂಭವಾದ ಬ್ಯಾಂಡ್‌ಕ್ಯಾಂಪ್ ಶೇ. 15ನ್ನು ಮಾತ್ರ ಪಡೆಯುವುದರಿಂದ ಸ್ವತಂತ್ರ ನಿರ್ಮಾಪಕರಿಗೆ ಅದು ಹೆಚ್ಚು ಅನುಕೂಲಕರವಾಗಿ ಕಂಡಿದೆ.

ಇಂದು ಕೊಳ್ಳುವುದಕ್ಕಿಂತ ಅಂತರ್ಜಾಲದಲ್ಲಿ ನೇರವಾಗಿ ಕೇಳುವ ಪದ್ಧತಿಯೇ ಪ್ರಬಲವಾಗಿದೆ. ಅಲ್ಲಿ ಒಂದು ಆಲಿಕೆಗೆ ಇಂತಿಷ್ಟೆಂಬ ನಿಶ್ಚಿತ ದರವಿಲ್ಲ. ಒಟ್ಟು ವರಮಾನವು ಆಲಿಕೆಗಳ ಪ್ರಮಾಣಕ್ಕನುಗುಣವಾಗಿ ಹಂಚಿಕೆಯಾಗುತ್ತದೆ. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ, ಹಿಂದಿನ 12 ತಿಂಗಳಲ್ಲಿ 1,000 ಆಲಿಕೆಗಳನ್ನು ಮುಟ್ಟದ ಮುದ್ರಿಕೆಗೆ 2024ರಿಂದ ಹಣವನ್ನೇ ನೀಡುತ್ತಿಲ್ಲ. ಸಣ್ಣ ಭಾಷೆಗಳ, ಸಣ್ಣ ಸಮುದಾಯಗಳ ಹಾಡುಗಳಿಗೆ ಈ ನಿಯಮವು ಹೆಚ್ಚು ಬಾಧಕವೆಂಬುದನ್ನು ವಿವರಿಸಬೇಕಾಗಿಲ್ಲ.

ಕರ್ತೃವಿಲ್ಲದ ಹಾಡು

ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಸಂಗೀತದ ದೃಷ್ಟಿಯಿಂದ ಸಮೃದ್ಧವಾದ ಪ್ರದೇಶ. ಹಳಿಯಾಳ, ಮುಂಡಗೋಡ ಮೊದಲಾದೆಡೆ ನೆಲೆಸಿರುವ ಆಫ್ರಿಕ ಮೂಲದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಡಮಾಮಿ ವಾದ್ಯ ಮತ್ತು ಕುಣಿತ ನಾಡಿಗೆ ಪರಿಚಿತ. ಜೋಯಿಡಾದಲ್ಲಿ ಕುಣಬಿಯರ ಹಾಡುಗಳಿವೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸಾಹತಿದೆ.

2021ರಲ್ಲಿ ತೆರೆಕಂಡ ‘ಸಲಗ’ ಚಲನಚಿತ್ರದ ಪ್ರಚಾರಗೀತೆಯೊಂದು ಸಿದ್ದಿ ಗಾಯಕರ ಕಂಠವನ್ನು ಆಧುನಿಕ ವಾದ್ಯಸಂಯೋಜನೆಯೊಡನೆ ಜನಪ್ರಿಯಗೊಳಿಸಿತು. ಇಂತಹ ಬೆಸುಗೆಗಳು ಹೆಚ್ಚುತ್ತಿರುವಾಗ ಹಕ್ಕಿನ ಸ್ವರೂಪವನ್ನು ತಿಳಿಯುವುದು ಅಗತ್ಯ.

ಒಂದು ಮುದ್ರಿತ ಹಾಡಿನಲ್ಲಿ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ, ಪ್ರದರ್ಶನ ಎಂಬ ನಾಲ್ಕು ಬಗೆಯ ಹಕ್ಕುಗಳಿರುತ್ತವೆ. ಮನೆಯಲ್ಲಿ ಒಬ್ಬನೇ ಕುಳಿತು ಎಲೆಕ್ಟ್ರಾನಿಕ್ ಸಂಗೀತವನ್ನು ರಚಿಸುವವನಿಗೆ ಇವೆಲ್ಲವೂ ಸೇರುತ್ತವೆ. ಅವನ ಆದಾಯ ಅಲ್ಪವಾದರೂ ಅವಿಭಕ್ತ. ಪರಂಪರಾಗತ ಹಾಡಿಗೆ ಗೊತ್ತಾದ ಕರ್ತೃವಿಲ್ಲದ ಕಾರಣ ಸಾಹಿತ್ಯದ ಪಾಲೂ ರಾಗದ ಪಾಲೂ ಹಾಡುವವರಿಗೆ ಬರುವುದಿಲ್ಲ. ಧ್ವನಿಮುದ್ರಣದ ಹಕ್ಕು ಅದನ್ನು ಮಾಡಿಸಿದ ನಿರ್ಮಾಪಕನದು. ಅದೇ ಹಾಡನ್ನು ಹೊಸದಾಗಿ ಸಂಯೋಜಿಸಿದವನು ತನ್ನ ಸಂಯೋಜನೆಯ ಮೇಲೆ ಹಕ್ಕನ್ನು ಸಾಧಿಸಬಹುದು. ಹಾಡಿದವರಿಗೆ ಉಳಿಯುವುದು ಪ್ರದರ್ಶಕರ ಹಕ್ಕೊಂದೇ.

ಕಾನೂನಿನ ಆಶ್ರಯ

1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ತಂದ ತಿದ್ದುಪಡಿಯು ಪ್ರದರ್ಶಕರ ಹಕ್ಕನ್ನು ಮೊದಲ ಬಾರಿಗೆ ಮಾನ್ಯಮಾಡಿತು. ಅದರ ಅವಧಿ ಈಗ 50 ವರ್ಷ. ಧ್ವನಿಮುದ್ರಣದ ಹಕ್ಕಿನದು 60 ವರ್ಷ. 2012ರ ತಿದ್ದುಪಡಿಯು ವಾಣಿಜ್ಯ ಬಳಕೆಯಲ್ಲಿ ಪ್ರದರ್ಶಕರಿಗೆ ಗೌರವಧನದ ಪಾಲನ್ನೂ, ತಮ್ಮ ಹೆಸರಿನಿಂದ ಗುರುತಿಸಿಕೊಳ್ಳುವ ನೈತಿಕ ಹಕ್ಕನ್ನೂ ನೀಡಿತು. ಗಾಯಕರ ಹಕ್ಕುಗಳ ಸಂಘವು 2013ರಲ್ಲಿ ನೋಂದಣಿಯಾಯಿತು. ಆದರೆ ಹಣ ತಲುಪಬೇಕಾದರೆ ಲಿಖಿತ ಕರಾರು ಬೇಕು, ಮುದ್ರಿಕೆಯ ವಿವರಗಳಲ್ಲಿ ಕಲಾವಿದರ ಹೆಸರು ದಾಖಲಾಗಬೇಕು. ‘ಜನಪದ’ ಎಂಬ ಒಂದೇ ಪದವು ಹಾಡಿದವರ ಹೆಸರಿನ ಜಾಗವನ್ನು ಆಕ್ರಮಿಸಿದಾಗ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಈ ದೃಷ್ಟಿಯಿಂದ ಮುಂಡಗೋಡದ ಡ್ರೆಪುಂಗ್ ಲೋಸೆಲಿಂಗ್ ಮಠದ ನಿದರ್ಶನ ಗಮನಾರ್ಹ. ಅಲ್ಲಿನ ಭಿಕ್ಷುಗಳ ಮಂತ್ರಪಠಣದ ಧ್ವನಿಮುದ್ರಿಕೆಗಳು ಮಠದ ಹೆಸರಿನಲ್ಲಿಯೇ ವಿದೇಶಗಳಲ್ಲಿ ಪ್ರಚಾರ ಪಡೆದಿವೆ. ಪಠಣವು ಪ್ರಾಚೀನವಾದರೂ ಪಠಿಸುವವರ ಹೆಸರು ಮರೆಯಾಗಿಲ್ಲ.

ಉಪಸಂಹಾರ

ಬಿಡಿ ಹಾಡಿನ ಮಾರಾಟದಿಂದ ಬರುವ ಮೊತ್ತ ದೊಡ್ಡದಲ್ಲ ಎಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟ. ಮೊತ್ತ ಸಣ್ಣದೆಂಬ ಕಾರಣಕ್ಕೇ ಹಂಚಿಕೆಯ ಪ್ರಶ್ನೆಯನ್ನು ಬದಿಗಿಡಲಾಗದು, ಏಕೆಂದರೆ ಒಂದು ಹಾಡು ಅನಿರೀಕ್ಷಿತವಾಗಿ ಲಕ್ಷಾಂತರ ಜನರನ್ನು ಮುಟ್ಟಬಲ್ಲದು. ಆಗ ಕರಾರು ಬರೆಯುವ ಕಾಲ ಮೀರಿರುತ್ತದೆ. ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಣ ಮಾಡುವ ಸಂಶೋಧಕರೂ ಅದನ್ನು ಸಂರಕ್ಷಿಸುವ ಗ್ರಂಥಾಲಯಗಳೂ ಹಾಡಿದವರ ಹೆಸರು, ಊರು, ದಿನಾಂಕ ಮತ್ತು ಒಪ್ಪಿಗೆಯ ಷರತ್ತುಗಳನ್ನು ಮುದ್ರಿಕೆಯೊಡನೆಯೇ ದಾಖಲಿಸುವುದು ಈ ದಿಕ್ಕಿನಲ್ಲಿ ಮೊದಲ ಕರ್ತವ್ಯ. ಹಾಡಿದವರ ಪಾಲನ್ನು ಮುಂದೊಂದು ದಿನ ಸಾಧಿಸಿಕೊಡಬಲ್ಲ ಪುರಾವೆ ಅದೇ.