ಕಿವಿಯ ಮೊರೆತವೂ ಇರುಳಿನ ನಿದ್ರೆಯೂ

ಶ್ರೀಮಠದ ಭಕ್ತರಾದ ಹಿರಿಯರೊಬ್ಬರು ಇಷ್ಟಲಿಂಗ ಪೂಜೆಗೆ ಕುಳಿತಾಗ ಕಿವಿಗಳಲ್ಲಿ ಕೇಳಿಬರುತ್ತಿದ್ದ ಜೀರುಂಡೆಯಂತಹ ದನಿಯನ್ನು ಅನಾಹತ ನಾದವೆಂದೇ ಭಾವಿಸಿ, ಎಂಟು ತಿಂಗಳು ಯಾರಿಗೂ ತಿಳಿಸಿರಲಿಲ್ಲ. ನಮ್ಮಲ್ಲಿಗೆ ಬಂದುದು ನಿದ್ರೆ ಕೆಟ್ಟ ಮೇಲೆ.

ಸಾಧಕರ ಅನುಭಾವದ ಕುರಿತು ಮಾತನಾಡುವ ಅಧಿಕಾರ ನಮಗಿಲ್ಲ. ಆದರೆ ಬೇಡವೆಂದರೂ ಬಿಡದ ಇಂತಹ ಮೊರೆತವನ್ನು ಸುಶ್ರುತಸಂಹಿತೆಯು ಕರ್ಣನಾದವೆಂದು ಕರೆದು, 28 ಕರ್ಣರೋಗಗಳಲ್ಲಿ ಒಂದಾಗಿ ಎಣಿಸಿದೆ, ವಾತವೇ ಕಾರಣವೆಂದಿದೆ. ಅವರನ್ನು ಕಿವಿಯ ತಜ್ಞರಲ್ಲಿಗೆ ಕಳುಹಿಸಿದೆವು. ವಯೋಸಹಜವಾಗಿ ಶ್ರವಣಶಕ್ತಿ ಕುಂದಿತ್ತು. ಶ್ರವಣಯಂತ್ರ ಧರಿಸಿದ ಬಳಿಕ ಹಗಲಿನ ಮೊರೆತ ಹಿಂದೆ ಸರಿಯಿತು, ಇರುಳಿನದು ಉಳಿಯಿತು.

ಇರುಳಿನಲ್ಲಿ ಮೊರೆತ ಹೆಚ್ಚಿದಂತೆ ತೋರುವುದು ಸುತ್ತಲಿನ ಸದ್ದುಗಳು ಅಡಗುವುದರಿಂದ. ಆದುದರಿಂದ ಕಿವಿಗೆ ಹತ್ತಿಯಿಟ್ಟು ಮಲಗುವುದು ತಪ್ಪು. ಫ್ಯಾನಿನ ಸದ್ದೋ ಮೆಲುದನಿಯ ರೇಡಿಯೋವೋ ಇರಲಿ. ಅದು ಮೊರೆತವನ್ನು ಮುಚ್ಚುವಷ್ಟು ಜೋರಾಗಿರಬೇಕಿಲ್ಲ, ಅದರೊಡನೆ ಬೆರೆಯುವಷ್ಟಿದ್ದರೆ ಸಾಕು. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ತಿಕ್ಕುವುದು ವಾತಶಮನಕ್ಕೆ ಹಿತ. ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಎದ್ದು ಕುಳಿತು, ಜಪವನ್ನೋ ಓದನ್ನೋ ಮಾಡಿ, ತೂಕಡಿಕೆ ಬಂದಾಗ ಮಲಗುವುದು ಲೇಸು.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಮನೆಯಲ್ಲೇ ಕಿವಿಗೆ ಬಿಡುವ ರೂಢಿ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಕರ್ಣಪೂರಣ ಶಾಸ್ತ್ರೋಕ್ತವೇ ಸರಿ. ಆದರೆ ಕಿವಿಯ ತಮಟೆಯಲ್ಲಿ ರಂಧ್ರವಿದ್ದರೆ ಎಣ್ಣೆ ಒಳಗಿಳಿದು ಕೇಡಾಗುತ್ತದೆ. ಪರೀಕ್ಷಿಸದೆ ನಾವು ಒಂದು ತೊಟ್ಟನ್ನೂ ಬಿಡುವುದಿಲ್ಲ. ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಯ ಬಡಿತದೊಡನೆ ಕೇಳಿಸಿದರೆ, ತಜ್ಞರ ತಪಾಸಣೆ ತಪ್ಪಿಸಬಾರದು. ಕಿವಿ ಹಠಾತ್ತನೆ ಮಂದವಾದರೆ ಅಂದೇ ಹೋಗಬೇಕು. ತಡವಾದಷ್ಟೂ ಶ್ರವಣ ಮರಳುವ ಸಂಭವ ಕಡಿಮೆ.

ಆ ಹಿರಿಯರ ಮೊರೆತ ಹೋಗಿಲ್ಲ. ಫ್ಯಾನು ತಿರುಗುತ್ತಿರಲು ಐದಾರು ತಾಸು ನಿದ್ರಿಸುತ್ತಾರೆ; ಬೆಳಗಿನ ಪೂಜೆಗೆ ತಪ್ಪದೆ ಏಳುತ್ತಾರೆ.