ಗಾಯ ಮಾಯಿತು, ಮನಸ್ಸು?

ಒಲೆ, ಸ್ಟೌ, ಬೆಲ್ಲದ ಕೊಪ್ಪರಿಗೆ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮನೆಗಳಿಗೆ ಬೆಂಕಿಯ ಒಡನಾಟ ದಿನನಿತ್ಯದ್ದು. ತೀವ್ರ ಸುಟ್ಟಗಾಯದಿಂದ ಬದುಕಿ ಬಂದವರು ಮನೆ ಸೇರಿದ ಮೇಲೆ ಮಂಕಾಗಿ ಕುಳಿತರೆ ಅದನ್ನು ಹಟವೆಂದೋ ಸೋಮಾರಿತನವೆಂದೋ ತಿಳಿಯಬೇಡಿ.

ಕೆಟ್ಟ ಕನಸು, ಬೆಂಕಿ ಕಂಡರೆ ನಡುಕ, ಸಿಡುಕು, ಕನ್ನಡಿಯನ್ನೂ ನೆಂಟರನ್ನೂ ದೂರವಿಡುವುದು, ಇವು ಮನಸ್ಸಿಗಾದ ಆಘಾತದ ಲಕ್ಷಣಗಳು. ಗಾಯದ ಕಲೆಯ ನವೆ ನಿದ್ದೆ ಕೆಡಿಸಿ ಇವನ್ನು ಹೆಚ್ಚಿಸುತ್ತದೆ. ಅದಕ್ಕೂ ಔಷಧ ಕೇಳಿರಿ. ಒಂದು ತಿಂಗಳಾದರೂ ತಗ್ಗದಿದ್ದರೆ ಮನೋವೈದ್ಯರಿಗೆ ತೋರಿಸಿರಿ. ಆಪ್ತಸಲಹೆಯಿಂದ, ಅಗತ್ಯವಿದ್ದಲ್ಲಿ ಮಾತ್ರೆಗಳಿಂದ ಚೇತರಿಕೆ ಸಾಧ್ಯ.

‘ಹೇಗಾಯಿತು?’ ಎಂದು ಬಂದವರೆಲ್ಲ ಕೆದಕದಂತೆ ನೋಡಿಕೊಳ್ಳಿರಿ. ಅವರಾಗಿಯೇ ಹೇಳಿದರೆ ಸಮಾಧಾನದಿಂದ ಕೇಳಿರಿ. ಮೂಲೆಯಲ್ಲಿ ಕೂರಿಸದೆ, ಕೈಲಾದ ಸಣ್ಣಪುಟ್ಟ ಕೆಲಸಗಳಲ್ಲಿ ಸೇರಿಸಿಕೊಳ್ಳಿರಿ. ವೈದ್ಯರೊಡನೆ ಒಬ್ಬರೇ ಮಾತನಾಡಲು ಅವಕಾಶ ಕೊಡಿರಿ. ಕೆಲವು ಸುಟ್ಟಗಾಯಗಳ ಹಿಂದೆ ಮನೆಯೊಳಗಿನ ಹಿಂಸೆಯಿರುತ್ತದೆ.

ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಸಲಹೆ ಸಿಗುತ್ತದೆ. ಮನೆಯವರೂ ಕರೆ ಮಾಡಬಹುದು.