ಬೀದರಿನ ಮದರಸಾದ ನೀಲಿ ಟೈಲ್ಸ್: ಕಟ್ಟಿಸಿದವನ ಕೊನೆ ಕೊಂಡಪಲ್ಲಿಯಲ್ಲಿ

ವಿಶಾಖಪಟ್ಟಣ: ಋಷಿಕೊಂಡದ ಕಡಲ ನೀಲಿಯನ್ನು ದಿನನಿತ್ಯ ಕಾಣುವ ಕನ್ನಡಿಗರು ಊರ ಕಡೆ ಹೊರಟಾಗ ಒಮ್ಮೆಯಾದರೂ ನೋಡಬೇಕಾದ ಇನ್ನೊಂದು ನೀಲಿ ಬೀದರಿನಲ್ಲಿದೆ. ಮಹಮೂದ್ ಗವಾನ್ ಮದರಸಾದ ಗೋಡೆಗಳಲ್ಲಿ ಅಳಿದುಳಿದಿರುವ ಮೆರುಗಿನ ಟೈಲ್ಸ್‌ಗಳ ನೀಲಿ ಅದು.

ಮಧ್ಯಯುಗದ ಇಸ್ಲಾಮೀ ನಾಡುಗಳ ಮೆರುಗಿನ ಮಣ್ಣಿನ ಪಾತ್ರೆಗಳನ್ನು ಲಂಡನ್, ನ್ಯೂಯಾರ್ಕ್‌ನ ವಸ್ತುಸಂಗ್ರಹಾಲಯಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಿವೆ. 9ನೇ ಶತಮಾನದಲ್ಲಿ ಇರಾಕಿನ ಬಸ್ರಾದ ಕುಂಬಾರರು ಚೀನಾದ ಬಿಳಿ ಪಿಂಗಾಣಿಗೆ ಮನಸೋತರು. ಅಂಥ ಜೇಡಿಮಣ್ಣು ಅವರಲ್ಲಿರಲಿಲ್ಲ. ಸಾಮಾನ್ಯ ಮಣ್ಣಿನ ಪಾತ್ರೆಗೇ ತವರ ಬೆರೆತ ಗಾಜಿನ ಲೇಪ ಬಳಿದು, ಮತ್ತೆ ಸುಟ್ಟು ಬಿಳುಪು ತಂದರು. ಕೋಬಾಲ್ಟ್‌ನಿಂದ ನೀಲಿ, ತಾಮ್ರದಿಂದ ಹಸಿರು ಪಡೆದರು. ಇದೇ ವಿದ್ಯೆ ಇರಾನಿನಲ್ಲಿ ಬೆಳೆದು ಮಸೀದಿ, ಮದರಸಾಗಳ ಗೋಡೆಯನ್ನೇರಿತು.

ಇರಾನಿನ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್, 1472ರಲ್ಲಿ ಬೀದರಿನಲ್ಲಿ ಮೂರಂತಸ್ತಿನ ಈ ವಿದ್ಯಾಲಯವನ್ನು ಕಟ್ಟಿಸಿದ. ವಿದ್ಯಾರ್ಥಿಗಳಿಗೂ ಗುರುಗಳಿಗೂ ಇಲ್ಲೇ ವಸತಿಯಿತ್ತು. ಗ್ರಂಥಾಲಯದಲ್ಲಿ ಸುಮಾರು 3 ಸಾವಿರ ಹಸ್ತಪ್ರತಿಗಳಿದ್ದವು. ಹೊರಗೋಡೆಗೆ ತನ್ನ ತವರಿನ ರೀತಿಯ ಬಣ್ಣದ ಟೈಲ್ಸ್ ಹೊದಿಸಿದ.

ಇಂಥವನ ಕೊನೆಗೆ ಸಾಕ್ಷಿಯಾದದ್ದು ವಿಜಯವಾಡದ ಬಳಿಯ ಕೊಂಡಪಲ್ಲಿ. ಇಂದು ಮರದ ಬೊಂಬೆಗಳಿಗೆ ಹೆಸರಾದ ಈ ಊರಿನಲ್ಲಿ 1481ರಲ್ಲಿ ಸುಲ್ತಾನ ಮೂರನೇ ಮುಹಮ್ಮದನ ಪಾಳೆಯವಿತ್ತು. ಗವಾನನ ಮುದ್ರೆಯಿದ್ದ ಖಾಲಿ ಕಾಗದವನ್ನು ಮೋಸದಿಂದ ಪಡೆದ ವಿರೋಧಿಗಳು, ಅದರ ಮೇಲೆ ಒರಿಸ್ಸಾದ ಅರಸನಿಗೆ ಬರೆದಂತೆ ದ್ರೋಹದ ಪತ್ರ ಸೃಷ್ಟಿಸಿದರು. ಸುಲ್ತಾನ ವಿಚಾರಣೆಯನ್ನೂ ಮಾಡದೆ ಇಳಿವಯಸ್ಸಿನ ಪ್ರಧಾನಿಯ ತಲೆ ತೆಗೆಸಿದ. ಸತ್ಯ ತಿಳಿದು ಪಶ್ಚಾತ್ತಾಪಪಟ್ಟ ಸುಲ್ತಾನನೂ ಮರುವರ್ಷವೇ ತೀರಿಕೊಂಡ. ಬಹಮನಿ ರಾಜ್ಯ ಕ್ರಮೇಣ ಐದಾಗಿ ಒಡೆಯಿತು.

ಮದರಸಾಕ್ಕೂ ವಿಧಿ ದಯೆ ತೋರಲಿಲ್ಲ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗಿದ್ದ ಮದ್ದು ಸಿಡಿದು ಮುಂಭಾಗದ ಬಹುಪಾಲು ಕುಸಿಯಿತು. ಎರಡು ಮಿನಾರುಗಳಲ್ಲಿ ಒಂದು ಮಾತ್ರ ನಿಂತಿದೆ. ಅದರ ಮೈಮೇಲೆ ಇಂದಿಗೂ ಅಂಕುಡೊಂಕು ಗೆರೆಗಳ ಟೈಲ್ಸ್ ಕಾಣಸಿಗುತ್ತವೆ.

ಹೈದರಾಬಾದಿನಿಂದ ಬೀದರಿಗೆ ಸುಮಾರು 140 ಕಿ.ಮೀ. ಇಲ್ಲಿನ ಟೈಲ್ಸ್‌ಗಳಿಗೆ ಗಾಜಿನ ಪೆಟ್ಟಿಗೆಯಿಲ್ಲ. ಬಿಸಿಲು, ಮಳೆಗೆ ಮೈಯೊಡ್ಡಿ ನಿಂತಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಿದ್ದರೂ ಉದುರಿದ ಚೂರು ಮತ್ತೆ ಹುಟ್ಟುವುದಿಲ್ಲ. ಕನ್ನಡ ಸಂಘಗಳ ಬಂಧುಗಳು ಮಕ್ಕಳೊಂದಿಗೆ ಪ್ರವಾಸ ಹೊರಟಾಗ ಗೋಡೆ ಮುಟ್ಟದೆ, ಹೆಸರು ಕೆತ್ತದೆ, ಚೂರನ್ನು ನೆನಪಿಗೆಂದು ಎತ್ತಿಕೊಳ್ಳದೆ ಬಂದರೆ ಅದೇ ದೊಡ್ಡ ಸೇವೆ. ಹಾಗೆಯೇ ಕೊಂಡಪಲ್ಲಿಯಲ್ಲಿ ಬೊಂಬೆ ಕೊಳ್ಳುವಾಗ ಗವಾನನ ಕಥೆಯನ್ನೂ ಮಕ್ಕಳಿಗೆ ಹೇಳಬಹುದು.